ಮೊದಲು ಬುಟ್ಟಿ, ಆಮೇಲೆ ಅಡುಗೆ

ಬೇಸಿಗೆಯಲ್ಲಿ "ಇವತ್ತು ಏನಡುಗೆ?" ಅಂತ ಬೆಳಿಗ್ಗೆ ಎದ್ದ ಕೂಡಲೇ ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಒಂದು ಸುತ್ತು ಹಿತ್ತಲಿಗೆ ಹೋಗಿ ಬಂದ ಮೇಲೆ ಇರುತ್ತದೆ. ಉಳಿದ ತಿಂಗಳುಗಳಲ್ಲಿ ಅಡುಗೆ ಮೊದಲು ತಲೆಯಲ್ಲಿ ಹುಟ್ಟುತ್ತದೆ, ಆಮೇಲೆ ಅದಕ್ಕೆ ಬೇಕಾದ ತರಕಾರಿ ಹುಡುಕುತ್ತೇವೆ. ತೋಟ ಕಾಯಿ ಬಿಡಲು ಶುರು ಮಾಡಿತು ಅಂದರೆ ಈ ಲೆಕ್ಕ ಪೂರ್ತಿ ತಿರುಗುಮುರುಗು. ಬುಟ್ಟಿಯಲ್ಲಿ ಏನು ಬಂತೋ ಅದೇ ಅಡುಗೆ. ಇದು ನನಗೆ ತುಂಬಾ ಇಷ್ಟ. ಯಾಕೆಂದರೆ ಯೋಚನೆ ಕಡಿಮೆ, ರುಚಿ ಜಾಸ್ತಿ.

ಆದರೆ ಇದಕ್ಕೆ ಕೈ ಸ್ವಲ್ಪ ಪಳಗಬೇಕು. ಮನೆಯಲ್ಲಿ ತರಕಾರಿ ಬೆಳೆಯುವವರು ಹೆಚ್ಚಾಗಿ ಕೇಳುವುದು "ಇದಕ್ಕೆ ರೆಸಿಪಿ ಏನು" ಅಂತ. ನಾನು ಬುಟ್ಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದು ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಎಷ್ಟು ಹೊತ್ತು ಕಾಯುತ್ತದೆ? ಇದರಲ್ಲಿ ನೀರು ಎಷ್ಟಿದೆ? ಮೊದಲನೆಯ ಪ್ರಶ್ನೆ ಯಾವುದನ್ನು ಇವತ್ತೇ ತಿನ್ನಬೇಕು ಅಂತ ಹೇಳುತ್ತದೆ. ಎರಡನೆಯದು ಹೇಗೆ ಬೇಯಿಸಬೇಕು ಅಂತ ಹೇಳುತ್ತದೆ. ಬೇಸಿಗೆಯ ಬೆಳೆಗೆ ಇವೆರಡು ಗೊತ್ತಿದ್ದರೆ ಪುಸ್ತಕ ತೆರೆಯದೆ ತಿಂಗಳುಗಟ್ಟಲೆ ಅಡುಗೆ ಮಾಡಬಹುದು.

ಕೊಯ್ಯುವುದು ಬೆಳಿಗ್ಗೆ. ಬಿಸಿಲೇರುವ ಮುಂಚೆ. ರಾತ್ರಿಯೆಲ್ಲ ಗಿಡ ನೀರು ಎಳೆದುಕೊಂಡಿರುತ್ತದೆ, ಹಾಗಾಗಿ ಎಲೆ, ಕಾಯಿ ಎಲ್ಲ ಬಿಗಿಯಾಗಿ, ತಂಪಾಗಿ ಇರುತ್ತವೆ. ಅದೇ ಸೊಪ್ಪನ್ನು ಮಧ್ಯಾಹ್ನ ಎರಡು ಗಂಟೆಗೆ ಕಿತ್ತರೆ ಒಳಗೆ ತರುವಷ್ಟರಲ್ಲಿ ಬಾಡಿರುತ್ತದೆ. ಬೀನ್ಸ್ ಮಾತ್ರ ಇಬ್ಬನಿ ಆರುವವರೆಗೆ ಬಿಟ್ಟುಬಿಡಿ. ಎಲೆ ಒದ್ದೆಯಿರುವಾಗ ಬೀನ್ಸ್ ಗಿಡಗಳ ನಡುವೆ ಕೈಯಾಡಿಸಿದರೆ ಒಂದು ಗಿಡದ ರೋಗ ಇನ್ನೊಂದಕ್ಕೆ ಸುಲಭವಾಗಿ ಹರಡುತ್ತದೆ.

ಬುಟ್ಟಿಯಲ್ಲಿ ಒಂದಿಷ್ಟೂ ಕಾಯದ ತರಕಾರಿ ಅಂದರೆ ಸಿಹಿ ಮೆಕ್ಕೆಜೋಳ. ತೆನೆ ಮುರಿದ ಗಳಿಗೆಯಿಂದಲೇ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ. ಬಿಸಿ ಇದ್ದಷ್ಟೂ ಬೇಗ. ಈಗಿನ ಅತಿಸಿಹಿ ತಳಿಗಳಲ್ಲಿ ಇದು ನಿಧಾನ, ಆದರೆ ಹಳೆಯ ತಳಿಗಳಲ್ಲಿ ಬೆಳಿಗ್ಗೆಯ ತೆನೆಗೂ ಮರುದಿನದ ತೆನೆಗೂ ನಾಲಿಗೆಗೆ ಗೊತ್ತಾಗುವಷ್ಟು ವ್ಯತ್ಯಾಸ ಇರುತ್ತದೆ. ತೆನೆಯ ತುದಿಯ ಕೂದಲು ಕಂದು ಬಣ್ಣಕ್ಕೆ ತಿರುಗಿ ಒಣಗಿರಬೇಕು. ಸಿಪ್ಪೆ ಸ್ವಲ್ಪ ಸರಿಸಿ ಒಂದು ಕಾಳನ್ನು ಉಗುರಿನಿಂದ ಚುಚ್ಚಿ. ಹಾಲಿನಂಥ ರಸ ಬಂದರೆ ಸರಿಯಾದ ಹದ, ನೀರಿನಂತಿದ್ದರೆ ಇನ್ನೂ ಎಳೆಯದು, ಹಿಟ್ಟಿನಂತಿದ್ದರೆ ಬಲಿತು ಹೋಗಿದೆ. ಹದದ ತೆನೆಗೆ ಕುದಿಯುವ ನೀರಿನಲ್ಲಿ ಮೂರು ನಾಲ್ಕು ನಿಮಿಷ ಸಾಕು. ಬೆಣ್ಣೆ, ಉಪ್ಪು. ಅಷ್ಟೇ. ಹೊಸದಾಗಿ ಕಿತ್ತ ತೆನೆಯನ್ನು ಅರ್ಧ ಗಂಟೆ ಬೇಯಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಬೀನ್ಸ್ ಎರಡು ಮೂರು ದಿನ ಕಾಯುತ್ತದೆ, ಆದರೆ ಗಿಡದ ಮೇಲೆ ಕಾಯುವುದಿಲ್ಲ. ಒಳಗಿನ ಬೀಜ ಉಬ್ಬಿ ಹೊರಗೆ ಕಾಣತೊಡಗಿತು ಅಂದರೆ ನಾರು ಬಂದಿದೆ ಅಂತಲೇ ಅರ್ಥ. ಬೀಜ ಬಲಿಯಲು ಬಿಟ್ಟರೆ ಗಿಡಕ್ಕೆ ತನ್ನ ಕೆಲಸ ಮುಗಿಯಿತು ಅನ್ನಿಸಿ ಹೂ ಬಿಡುವುದು ಕಡಿಮೆಯಾಗುತ್ತದೆ. ಹಾಗಾಗಿ ಅಡುಗೆಗೆ ಬೇಕೋ ಬೇಡವೋ, ಎಳೆಕಾಯಿ ಕೊಯ್ಯುತ್ತಲೇ ಇರಬೇಕು. ಬೇಯಿಸುವಾಗ ದೊಡ್ಡ ಪಾತ್ರೆ, ಜಾಸ್ತಿ ನೀರು, ಧಾರಾಳ ಉಪ್ಪು, ಮುಚ್ಚಳ ಬೇಡ. ಹಸಿರು ಬಣ್ಣ ಉಳಿಯಲು ಇದು ಮುಖ್ಯ. ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ (ಕ್ಲೋರೊಫಿಲ್) ಮಧ್ಯೆ ಇರುವ ಮೆಗ್ನೀಸಿಯಂ ಹುಳಿ ತಾಗಿದರೆ ಕಳಚಿಕೊಳ್ಳುತ್ತದೆ, ಆಗ ಬಣ್ಣ ಮಂಕಾಗಿ ಪಾಚಿಯಂತಾಗುತ್ತದೆ. ತರಕಾರಿ ಬೇಯುವಾಗ ಅದರೊಳಗಿನ ಹುಳಿಯೂ ಸ್ವಲ್ಪ ಹೊರಬರುತ್ತದೆ. ಮುಚ್ಚಳ ತೆಗೆದಿದ್ದರೆ ಅದರಲ್ಲಿ ಒಂದಷ್ಟು ಆವಿಯ ಜೊತೆ ಹೋಗುತ್ತದೆ. ಇದೇ ಕಾರಣಕ್ಕೆ ನಿಂಬೆರಸವನ್ನು ತಟ್ಟೆಗೆ ಬಡಿಸುವಾಗ ಮಾತ್ರ ಹಿಂಡುತ್ತೇನೆ. ಮುಂಚೆಯೇ ಹಿಂಡಿದರೆ ಬಣ್ಣ ಹೋಗುತ್ತದೆ, ಜೊತೆಗೆ ಬೀನ್ಸ್ ಬೇಗ ಮೆತ್ತಗಾಗುವುದೂ ಇಲ್ಲ. ಕೆಲವರು ಬಣ್ಣಕ್ಕಾಗಿ ಅಡುಗೆ ಸೋಡಾ ಹಾಕುತ್ತಾರೆ. ಬಣ್ಣ ಉಳಿಯುತ್ತದೆ ನಿಜ, ಆದರೆ ಕಾಯಿ ಕೊಳಕೊಳ ಆಗುತ್ತದೆ. ಇಷ್ಟು ಒಳ್ಳೆಯ ಬೀನ್ಸ್‌ಗೆ ಅದು ಬೇಡ.

ಇನ್ನು ಟೊಮೆಟೊ. ಬೇಸಿಗೆ ತೋಟ ಮಾಡುವುದೇ ಇದಕ್ಕಾಗಿ, ಅಲ್ವಾ?

ಟೊಮೆಟೊ ಪೂರ್ತಿ ಕೆಂಪಾಗುವವರೆಗೆ ಗಿಡದಲ್ಲೇ ಇರಬೇಕು ಅಂತ ನಾನು ಹಟ ಮಾಡುವುದಿಲ್ಲ. ಬಣ್ಣ ತಿರುಗಲು ಶುರುವಾದ ಹಣ್ಣು ಮನೆಯೊಳಗೂ ಚೆನ್ನಾಗಿಯೇ ಹಣ್ಣಾಗುತ್ತದೆ. ಹಣ್ಣಾಗಿಸುವ ಎಥಿಲೀನ್ ಅನಿಲವನ್ನು ಅದು ತಾನೇ ಹೊರಬಿಡುತ್ತದೆ. ಹಕ್ಕಿ ಕುಕ್ಕುವ ಭಯ ಇದ್ದರೆ, ಜೋರು ಮಳೆ ಬಂದು ಹಣ್ಣು ಬಿರಿಯುವ ಲಕ್ಷಣ ಇದ್ದರೆ, ಅರ್ಧ ಬಣ್ಣ ಬಂದಾಗಲೇ ಕಿತ್ತು ತರುವುದು ಒಳ್ಳೆಯದು. ಬಿಸಿಲು ವಿಪರೀತ ಇದ್ದಾಗಲೂ ಅಷ್ಟೇ. ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಟೊಮೆಟೊದ ಕೆಂಪಿಗೆ ಕಾರಣವಾದ ಲೈಕೋಪೀನ್ ಸರಿಯಾಗಿ ತಯಾರಾಗುವುದಿಲ್ಲ, ಹಣ್ಣು ಹಳದಿ ಕಿತ್ತಳೆಯಲ್ಲೇ ನಿಂತುಬಿಡುತ್ತದೆ. ನೆರಳಿನ ಕೋಣೆಯಲ್ಲಿಟ್ಟರೆ ಕೆಂಪು ಬರುತ್ತದೆ.

ತಂದ ಟೊಮೆಟೊವನ್ನು ಫ್ರಿಜ್‌ನಲ್ಲಿ ಇಡಬೇಡಿ. ಇದನ್ನು ಹಳಬರು ಯಾವಾಗಲೂ ಹೇಳುತ್ತಿದ್ದರು, ಈಗ ಅದರ ಕಾರಣವೂ ಗೊತ್ತಾಗಿದೆ. 2016ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿದ್ದ ತಂಡವೊಂದು ಟೊಮೆಟೊಗಳನ್ನು 5 ಡಿಗ್ರಿಯಲ್ಲಿ 7 ದಿನ ಇಟ್ಟು ನೋಡಿತು. ಸಕ್ಕರೆ, ಹುಳಿ ಹೆಚ್ಚು ಕಡಿಮೆ ಹಾಗೇ ಇದ್ದವು. ಆದರೆ ಪರಿಮಳ ಕೊಡುವ ಅಂಶಗಳು ಬಹಳ ಕಡಿಮೆಯಾಗಿದ್ದವು. ಅವುಗಳನ್ನು ತಯಾರಿಸುವ ಜೀನ್‌ಗಳೇ ಚಳಿಗೆ ಮಂಕಾಗುತ್ತವೆ, ಹೊರಗೆ ತೆಗೆದಿಟ್ಟ ಮೇಲೂ ಅವೆಲ್ಲ ಮೊದಲಿನಂತಾಗುವುದಿಲ್ಲ. ಪೂರ್ತಿ ಹಣ್ಣಾಗಿ ಇನ್ನೇನು ಕೊಳೆಯುತ್ತದೆ ಅನ್ನುವಂಥದ್ದಾದರೆ ಬೇರೆ ಮಾತು, ಒಂದು ದಿನ ಒಳಗಿಡಬಹುದು. ಇಲ್ಲವಾದರೆ ಕಟ್ಟೆಯ ಮೇಲೆ, ತೊಟ್ಟು ಕೆಳಗಾಗಿ, ಒಂದರ ಮೇಲೊಂದು ಹೇರದೆ ಹರಡಿಡಿ.

ಹೆಚ್ಚುವಾಗ ಬೀಜ, ಲೋಳೆ ತೆಗೆದು ಎಸೆಯುವ ಅಭ್ಯಾಸ ಹಲವರಿಗೆ. ದಯವಿಟ್ಟು ಎಸೆಯಬೇಡಿ. ಟೊಮೆಟೊದ ಬಾಯಿ ತುಂಬುವ ರುಚಿಗೆ ಕಾರಣವಾದ ಗ್ಲುಟಮೇಟ್ ಹೊರಗಿನ ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲೇ ಜಾಸ್ತಿ. ಹುಳಿಯೂ ಅಲ್ಲೇ ಜಾಸ್ತಿ. ಅದನ್ನು ತೆಗೆದರೆ ಉಳಿಯುವುದು ಬಣ್ಣ ಮತ್ತು ನೀರು.

ನಾನು ಜಾಸ್ತಿ ಮಾಡುವುದು ಮೂರು ಬಗೆ. ಒಂದು, ಹಸಿ. ದಪ್ಪ ಬಿಲ್ಲೆ ಮಾಡಿ, ಉಪ್ಪು ಉದುರಿಸಿ, ಹತ್ತು ನಿಮಿಷ ಬಿಡುವುದು. ತಟ್ಟೆಯ ತಳದಲ್ಲಿ ರಸ ಸೇರುತ್ತದೆ. ಅದಕ್ಕೆ ಒಳ್ಳೆಯ ಎಣ್ಣೆ, ಕಾಳುಮೆಣಸು, ಚೂರು ಬೆಳ್ಳುಳ್ಳಿ, ಕೈಯಲ್ಲಿ ಹರಿದ ಬೇಸಿಲ್ ಸೇರಿಸಿದರೆ ಅದೇ ಸಾಸ್. ಬ್ರೆಡ್ ಅದ್ದಿ ತಿನ್ನಬಹುದು, ಬಿಸಿ ಪಾಸ್ತಾ ಅಥವಾ ಅನ್ನಕ್ಕೆ ಹಾಗೇ ಕಲೆಸಬಹುದು. ಒಲೆ ಹಚ್ಚಲು ಮನಸ್ಸಿಲ್ಲದ ಸೆಕೆಯ ದಿನಕ್ಕೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ಎರಡನೆಯದು ಜೋರು ಉರಿಯ ಬೇಗನೆಯ ಸಾಸ್. ಇದಕ್ಕೆ ಚೆರ್ರಿ ಟೊಮೆಟೊ ಬೇಕು. ಅಗಲ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಹಾಕಿ, ಅದು ಕೆಂಪಾಗುವ ಮುಂಚೆಯೇ ಇಡೀ ಹಣ್ಣುಗಳನ್ನು ಸುರಿದು ಬಿಡಿ. ಹತ್ತು ನಿಮಿಷದಲ್ಲಿ ಸಿಡಿದು ರಸ ಬಿಡುತ್ತವೆ, ಅರ್ಧದಷ್ಟನ್ನು ಸೌಟಿನಿಂದ ಒತ್ತಿ, ಉಳಿದವು ಹಾಗೇ ಇರಲಿ. ಎಣ್ಣೆ ಇಲ್ಲಿ ರುಚಿಗೆ ಮಾತ್ರ ಅಲ್ಲ. ಲೈಕೋಪೀನ್ ಎಣ್ಣೆಯಲ್ಲಿ ಕರಗುವಂಥದ್ದು. ಬೇಯಿಸಿದ, ಎಣ್ಣೆ ಸೇರಿದ ಟೊಮೆಟೊದಿಂದ ಅದು ನಮ್ಮ ಮೈಗೆ ಹಸಿಯದಕ್ಕಿಂತ ಚೆನ್ನಾಗಿ ಹತ್ತುತ್ತದೆ.

ಮೂರನೆಯದು ನಿಧಾನದ್ದು. ಹಣ್ಣನ್ನು ಎರಡು ಹೋಳು ಮಾಡಿ, ಕತ್ತರಿಸಿದ ಬದಿ ಮೇಲಾಗಿ ತಟ್ಟೆಯಲ್ಲಿ ಜೋಡಿಸಿ, ಉಪ್ಪು ಎಣ್ಣೆ ಸವರಿ, ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಮೂರು ಗಂಟೆಯೋ ಇನ್ನೂ ಸ್ವಲ್ಪ ಜಾಸ್ತಿಯೋ ಬಿಡಬೇಕು. ಟೊಮೆಟೊದಲ್ಲಿ ನೂರಕ್ಕೆ 94ರಷ್ಟು ಭಾಗ ನೀರೇ. ಆ ನೀರು ಹೋದಂತೆ ಸಿಹಿ, ಹುಳಿ, ಎಲ್ಲ ಒಂದೇ ಕಡೆ ಗಟ್ಟಿಯಾಗಿ ಕೂರುತ್ತವೆ. ಸಪ್ಪೆ ಟೊಮೆಟೊ ಕೂಡ ಇದರಲ್ಲಿ ಎದ್ದು ಕೂರುತ್ತದೆ. ತಿರುಳು ಜಾಸ್ತಿ, ಬೀಜ ಕಡಿಮೆ ಇರುವ ಉದ್ದನೆಯ ಜಾತಿ ಸಿಕ್ಕರೆ ಇನ್ನೂ ಒಳ್ಳೆಯದು.

ನೀರಿನ ಮಾತು ಬಂತು. ಬೇಸಿಗೆಯ ತರಕಾರಿಗಳಲ್ಲಿ ಬಹುಪಾಲು ಬರೀ ನೀರು, ಅದನ್ನು ಹೇಗೆ ನಿಭಾಯಿಸುತ್ತೇವೆ ಅನ್ನುವುದರ ಮೇಲೆ ಅಡುಗೆ ನಿಂತಿರುತ್ತದೆ. ಸೌತೆಕಾಯಿಯಲ್ಲಿ ಇನ್ನೂ ಜಾಸ್ತಿ, ನೂರಕ್ಕೆ 95ಕ್ಕೂ ಮೇಲೆ. ಹೆಚ್ಚಿ ನೇರವಾಗಿ ಮೊಸರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಎಲ್ಲ ತೆಳ್ಳಗಾಗುತ್ತದೆ. ಮೊದಲು ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಜರಡಿಯಲ್ಲಿಟ್ಟು, ಹಿಂಡಿ, ಆಮೇಲೆ ಬಳಸಿ. ಗರಿಗರಿ ಉಳಿಯುತ್ತದೆ. ಗಿಡದಲ್ಲಿ ಮರೆತು ಹಳದಿಯಾದ ಸೌತೆ ಸಿಕ್ಕರೆ ಗೊಬ್ಬರದ ಗುಂಡಿಗೆ ಹಾಕಬೇಡಿ. ಸಿಪ್ಪೆ ತೆಗೆದು, ಬೀಜ ಕೆರೆದು, ತಿರುಳನ್ನು ಬೆಣ್ಣೆಯಲ್ಲಿ ಬಾಡಿಸಿದರೆ ಸೊಗಸಾಗಿರುತ್ತದೆ. ಆದರೆ ಮೊದಲು ಒಂದು ಚೂರು ಹಸಿಯಾಗಿ ನಾಲಿಗೆಗೆ ಮುಟ್ಟಿಸಿ ನೋಡಿ. ಬಹಳ ಕಹಿ ಇದ್ದರೆ ಬೇಡ.

ಈ ಕಹಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆತೋಟದವರಿಗೇ ಇದು ಜಾಸ್ತಿ ತಾಗುವುದು. ಸೌತೆ, ಜುಕಿನಿ (ಸೌತೆಯಂತೆ ಕಾಣುವ ಒಂದು ಬಗೆಯ ಕುಂಬಳ), ಕುಂಬಳ ಇವೆಲ್ಲ ಒಂದೇ ಕುಟುಂಬ. ಇವುಗಳ ಕಾಡು ಜಾತಿಗಳಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ವಿಷ ಇರುತ್ತದೆ. ನಾವು ತಿನ್ನುವ ತಳಿಗಳಲ್ಲಿ ಅದು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಆದರೆ ಅಲಂಕಾರಕ್ಕೆ ಬೆಳೆಯುವ ಕುಂಬಳದ ಪಕ್ಕ ಜುಕಿನಿ ಬೆಳೆದು, ಜೇನ್ನೊಣ ಪರಾಗ ಬೆರೆಸಿ, ಆ ಕಾಯಿಯ ಬೀಜವನ್ನು ಮುಂದಿನ ವರ್ಷ ಬಿತ್ತಿದರೆ ವಿಷ ಮತ್ತೆ ಕಾಣಿಸಿಕೊಳ್ಳಬಹುದು. ಬೇಯಿಸಿದರೆ ಅದು ಹೋಗುವುದಿಲ್ಲ. 2015ರಲ್ಲಿ ಜರ್ಮನಿಯಲ್ಲಿ ಮನೆಯಲ್ಲೇ ಬೆಳೆದ ಕಹಿ ಜುಕಿನಿ ತಿಂದು ವಯಸ್ಸಾದವರೊಬ್ಬರು ತೀರಿಕೊಂಡರು. ಹಾಗಾಗಿ ಎತ್ತಿಟ್ಟ ಬೀಜದಿಂದ ಬೆಳೆದ ಜುಕಿನಿಯನ್ನು ಕತ್ತರಿಸಿದ ಮೇಲೆ ಚಿಕ್ಕ ಚೂರು ನಾಲಿಗೆಯ ತುದಿಗಿಟ್ಟು ನೋಡುವುದು ಒಳ್ಳೆಯದು. ಕಹಿ ಅನ್ನಿಸಿದರೆ ಉಗಿದು, ಇಡೀ ಕಾಯಿ ಎಸೆಯಿರಿ. ಬೆಳೆದದ್ದು ಹಾಳಾಗುತ್ತದಲ್ಲ ಅಂತ ಒಂದು ನಿಮಿಷವೂ ಯೋಚಿಸಬೇಡಿ.

ಸರಿಯಾದ ಜುಕಿನಿ ಮಾತ್ರ ಬೇಸಿಗೆಯ ಧಾರಾಳಿ. 15 ರಿಂದ 20 ಸೆಂಟಿಮೀಟರ್ ಇರುವಾಗ ಕಿತ್ತರೆ ಬೀಜವೇ ಇರುವುದಿಲ್ಲ ಅನ್ನುವಷ್ಟು ಎಳೆಯದು. ಎಲೆಯ ಮರೆಯಲ್ಲಿ ಕಣ್ಣು ತಪ್ಪಿ ಎರಡು ದಿನ ಉಳಿದರೆ ತೋಳಿನ ಗಾತ್ರಕ್ಕೆ ಬರುತ್ತದೆ. ಎಳೆಯದಕ್ಕೆ ಒಂದೇ ನಿಯಮ. ಬಾಣಲೆ ಚೆನ್ನಾಗಿ ಕಾದಿರಬೇಕು, ಬಿಲ್ಲೆಗಳು ಒಂದೇ ಪದರದಲ್ಲಿ ಇರಬೇಕು, ಪದೇ ಪದೇ ಕದಡಬಾರದು. ಒಟ್ಟಿಗೆ ರಾಶಿ ಹಾಕಿದರೆ ತನ್ನದೇ ನೀರಿನಲ್ಲಿ ಬೆಂದು ಮುದ್ದೆಯಾಗುತ್ತದೆ. ಉಪ್ಪು ಕೊನೆಯಲ್ಲಿ. ದೊಡ್ಡದಾಗಿ ಹೋದದ್ದನ್ನು ತುರಿದು, ಉಪ್ಪು ಹಾಕಿ ಹಿಂಡಿ, ಹಿಟ್ಟು ಮತ್ತು ಮೊಟ್ಟೆ ಕಲೆಸಿ ತವದ ಮೇಲೆ ತಟ್ಟಿ ಸುಡುತ್ತೇನೆ. ಹಿಂಡಿದ ನೀರು ಸೂಪಿಗೆ ಹೋಗುತ್ತದೆ, ಉಪ್ಪು ನೋಡಿಕೊಂಡು. ಹೂವೂ ಊಟವೇ. ತೆಳ್ಳಗಿನ ಉದ್ದ ತೊಟ್ಟಿನದ್ದು ಗಂಡು ಹೂ, ಬುಡದಲ್ಲಿ ಪುಟ್ಟ ಕಾಯಿ ಅಂಟಿಕೊಂಡಿರುವುದು ಹೆಣ್ಣು ಹೂ. ಪರಾಗಕ್ಕೆ ಕೆಲವನ್ನು ಬಿಟ್ಟು ಉಳಿದ ಗಂಡು ಹೂಗಳನ್ನು ಬೆಳಿಗ್ಗೆ ಅರಳಿರುವಾಗಲೇ ಕಿತ್ತುಕೊಳ್ಳಿ. ಒಳಗೆ ಹುಳ ಇದೆಯಾ ನೋಡಿ, ತೆಳ್ಳಗಿನ ಹಿಟ್ಟಿನಲ್ಲಿ ಅದ್ದಿ ಕರಿಯಿರಿ.

ಬದನೆಗೆ ಹೊಳಪು ನೋಡಬೇಕು. ಸಿಪ್ಪೆ ಹೊಳೆಯುತ್ತಿದ್ದರೆ ಎಳೆಯದು, ಮಂಕಾಗಿದ್ದರೆ ಒಳಗೆ ಬೀಜ ಬಲಿತು ಕಂದಾಗಿರುತ್ತದೆ. ಬದನೆಯ ತಿರುಳು ಸ್ಪಂಜಿನಂತೆ, ಹಾಕಿದಷ್ಟೂ ಎಣ್ಣೆ ಕುಡಿಯುತ್ತದೆ. ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ, ಅಥವಾ ಮೊದಲು ಸ್ವಲ್ಪ ಹಬೆಯಲ್ಲಿ ಬೇಯಿಸಿದರೆ, ಒಳಗಿನ ಗಾಳಿಯ ಜಾಗ ಕುಸಿದು ಎಣ್ಣೆ ಕಡಿಮೆ ಸಾಕಾಗುತ್ತದೆ. ನನಗಂತೂ ಇಡೀ ಕಾಯಿಯನ್ನು ಚುಚ್ಚಿ ನೇರ ಉರಿಯ ಮೇಲೆ ಸಿಪ್ಪೆ ಕರಕಲಾಗುವವರೆಗೆ ಸುಡುವುದೇ ಇಷ್ಟ. ಹೊಗೆಯ ವಾಸನೆ ತಿರುಳಿಗೆ ಇಳಿಯುತ್ತದೆ.

ದಪ್ಪ ಮೆಣಸಿನಕಾಯಿಯನ್ನೂ ಹಾಗೇ ಸುಡಬಹುದು. ಸುಟ್ಟು, ಪಾತ್ರೆಯಲ್ಲಿ ಹಾಕಿ ಮುಚ್ಚಿಟ್ಟರೆ ಹಬೆಗೆ ಸಿಪ್ಪೆ ಬಿಡುತ್ತದೆ. ಸಿಪ್ಪೆಯನ್ನು ಕೈಯಲ್ಲೇ ಉಜ್ಜಿ ತೆಗೆಯಿರಿ, ನಲ್ಲಿಯ ಕೆಳಗೆ ತೊಳೆದರೆ ರುಚಿಯೂ ಹರಿದು ಹೋಗುತ್ತದೆ. ಹಸಿರು ದಪ್ಪ ಮೆಣಸಿನಕಾಯಿ ಅಂದರೆ ಇನ್ನೂ ಹಣ್ಣಾಗದ್ದು ಅಷ್ಟೇ. ಗಿಡದಲ್ಲೇ ಬಿಟ್ಟರೆ ತಳಿಗೆ ತಕ್ಕಂತೆ ಕೆಂಪೋ ಹಳದಿಯೋ ಆಗಿ ಸಿಹಿ ಬರುತ್ತದೆ, ಸಿ ಜೀವಸತ್ವವೂ ಹೆಚ್ಚುತ್ತದೆ. ಕಾಯಿಗಳ ಸಂಖ್ಯೆ ಕಡಿಮೆಯಾಗುತ್ತದೆ, ಆದರೂ ಒಂದೆರಡು ಗಿಡವನ್ನಾದರೂ ಹಣ್ಣಿಗೆ ಬಿಡಿ. ಖಾರದ ಮೆಣಸಿನಲ್ಲಿ ಖಾರ ಇರುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಬಿಳಿ ಭಾಗದಲ್ಲಿ. ಖಾರ ಕಡಿಮೆ ಬೇಕಾದರೆ ಅದನ್ನು ಕೆರೆದು ತೆಗೆಯಿರಿ.

ಬೇಸಿಲ್ ಬಗ್ಗೆ ಒಂದು ಮಾತು. ಫ್ರಿಜ್‌ನಲ್ಲಿಟ್ಟರೆ ಎಲೆ ಕಪ್ಪಾಗುತ್ತದೆ, ಅದಕ್ಕೆ ಚಳಿ ತಡೆಯಲು ಆಗುವುದಿಲ್ಲ. ಕಡ್ಡಿ ಸಮೇತ ಕತ್ತರಿಸಿ ಲೋಟದ ನೀರಿನಲ್ಲಿ ನಿಲ್ಲಿಸಿ. ಹೂ ಬರುವ ತುದಿಗಳನ್ನು ಚಿವುಟುತ್ತಿದ್ದರೆ ಗಿಡ ಕವಲೊಡೆದು ಪೊದೆಯಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆಯೇ ಹಾಕಿ, ಕುದಿಸಿದರೆ ಪರಿಮಳ ನಿಲ್ಲುವುದಿಲ್ಲ.

ಸಾಮಾನ್ಯ ಒಂದು ಸಂಜೆ ನನ್ನ ಅಡುಗೆ ಹೀಗಿರುತ್ತದೆ. ಬುಟ್ಟಿಯಲ್ಲಿ ಒಂದು ಬದನೆ, ಎರಡು ಜುಕಿನಿ, ದಪ್ಪ ಮೆಣಸಿನಕಾಯಿ, ಒಂದಷ್ಟು ಟೊಮೆಟೊ, ಈರುಳ್ಳಿ. ಎಲ್ಲವನ್ನೂ ಒಂದೇ ಬಾಣಲೆಗೆ ಒಟ್ಟಿಗೆ ಸುರಿಯುವುದು ಸುಲಭ, ಆದರೆ ನಾನು ಮಾಡುವುದಿಲ್ಲ. ಮೊದಲು ಬದನೆಯನ್ನು ಕೆಂಪಗೆ ಹುರಿದು ಎತ್ತಿಡುತ್ತೇನೆ. ಅದೇ ಬಾಣಲೆಯಲ್ಲಿ ಜುಕಿನಿ, ಆಮೇಲೆ ಮೆಣಸಿನಕಾಯಿ. ಕೊನೆಗೆ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಬೇಯಿಸಿ, ಅದು ಗಟ್ಟಿಯಾದ ಮೇಲೆ ಎತ್ತಿಟ್ಟದ್ದನ್ನೆಲ್ಲ ಸೇರಿಸಿ ಐದು ನಿಮಿಷ. ಹೀಗೆ ಮಾಡಿದರೆ ಪ್ರತಿಯೊಂದೂ ತನ್ನ ರುಚಿ ಉಳಿಸಿಕೊಂಡಿರುತ್ತದೆ, ಬಾಯಿಗೆ ಇಟ್ಟಾಗ ಇದು ಬದನೆ, ಇದು ಮೆಣಸಿನಕಾಯಿ ಅಂತ ಕಣ್ಣು ಮುಚ್ಚಿಯೂ ಹೇಳಬಹುದು. ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ. ತಿಂಗಳುಗಟ್ಟಲೆ ನೀರು ಹಾಕಿ ಬೆಳೆಸಿದ್ದಕ್ಕೆ ಕಾಲು ಗಂಟೆ ಕೊಡಬಹುದು. ಮರುದಿನ ತಣ್ಣಗೆ ತಿಂದರೆ ಇನ್ನೂ ಚೆನ್ನ.

ತಿಂದು, ಹಂಚಿ ಆದ ಮೇಲೂ ಉಳಿಯುತ್ತದಲ್ಲ, ಅದಕ್ಕೆ ಫ್ರೀಜರ್. ಬೀನ್ಸನ್ನು ಕುದಿಯುವ ನೀರಿನಲ್ಲಿ ಮೂರು ನಿಮಿಷ ಹಾಕಿ, ತಕ್ಷಣ ಅಷ್ಟೇ ಹೊತ್ತು ಐಸ್ ನೀರಿಗೆ ಹಾಕಿ, ಒರೆಸಿ, ಆಮೇಲೆ ಒಳಗಿಡಿ. ಹಸಿಯಾಗಿಯೇ ಇಟ್ಟರೆ ಒಳಗಿನ ಕಿಣ್ವಗಳು ಹಿಮದಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ, ಬಣ್ಣ ರುಚಿ ಎರಡೂ ಕೆಡುತ್ತವೆ. ಟೊಮೆಟೊಗೆ ಅಷ್ಟು ಕೆಲಸವೂ ಬೇಡ. ತೊಳೆದು, ಒರೆಸಿ, ಇಡಿಯಾಗಿ ಚೀಲಕ್ಕೆ ಹಾಕಿಡಿ. ಬೇಕಾದಾಗ ಬೆಚ್ಚಗಿನ ನೀರಿನ ಕೆಳಗೆ ಹಿಡಿದರೆ ಸಿಪ್ಪೆ ತಾನೇ ಜಾರುತ್ತದೆ. ಅಡುಗೆಗೆ ಮಾತ್ರ ಆಗುತ್ತದೆ, ಹಸಿಯಾಗಿ ತಿನ್ನಲು ಆಗುವುದಿಲ್ಲ.

ಗಾಜಿನ ಬಾಟಲಿಯಲ್ಲಿ ಮುಚ್ಚಿ ಹೊರಗಿಡುವವರು ಜಾಗ್ರತೆ. ಬಾಟ್ಯುಲಿಸಂ ಅನ್ನುವ, ಜೀವಕ್ಕೇ ಅಪಾಯವಾಗಬಲ್ಲ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಹುಳಿ ಇರುವಲ್ಲಿ ಬೆಳೆಯುವುದಿಲ್ಲ. ಟೊಮೆಟೊ ಆ ಗೆರೆಯ ಮೇಲೇ ಕೂತಿದೆ, ಕೆಲವು ತಳಿ ಈಚೆ, ಕೆಲವು ಆಚೆ. ಅದಕ್ಕೇ ಅರ್ಧ ಲೀಟರ್ ಬಾಟಲಿಗೆ ಒಂದು ದೊಡ್ಡ ಚಮಚ, ಒಂದು ಲೀಟರಿಗೆ ಎರಡು ದೊಡ್ಡ ಚಮಚ ನಿಂಬೆರಸ ಹಾಕಲು ಹೇಳುತ್ತಾರೆ, ಅದೂ ಬಾಟಲಿಯಲ್ಲಿ ಬರುವ ನಿಂಬೆರಸ, ಯಾಕೆಂದರೆ ಅದರ ಹುಳಿ ಯಾವಾಗಲೂ ಒಂದೇ ಅಳತೆ. ನಿಂಬೆರಸ ಹಾಕಿದ ಮೇಲೂ ಬಾಟಲಿಯನ್ನು ಪೂರ್ತಿ ಹೊತ್ತು ಕುದಿಸಲೇಬೇಕು. ಬೀನ್ಸ್‌ನಲ್ಲಿ ಹುಳಿ ತೀರಾ ಕಡಿಮೆ. ಕುದಿಯುವ ನೀರಿನ 100 ಡಿಗ್ರಿ ಆ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಕೊಲ್ಲುವುದಿಲ್ಲ, ಅದಕ್ಕೆಂದೇ ಮಾಡಿದ ಒತ್ತಡದ ಪಾತ್ರೆ ಬೇಕು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಇದೇ ಕಾರಣಕ್ಕೆ ಅಪಾಯ. ಫ್ರಿಜ್‌ನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು.

ಬೇಸಿಗೆ ಮುಗಿಯುವ ಹೊತ್ತಿಗೆ ಗಿಡದಲ್ಲಿ ಹಸಿರು ಟೊಮೆಟೊ ತುಂಬ ಉಳಿದಿರುತ್ತವೆ. ದೊಡ್ಡ ಗಾತ್ರಕ್ಕೆ ಬಂದು ಬಣ್ಣ ಸ್ವಲ್ಪ ತಿಳಿಯಾದವನ್ನು ಆರಿಸಿ, ಒಂದು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಕಟ್ಟಿಡಿ, ಬಾಳೆಹಣ್ಣಿನ ಎಥಿಲೀನ್‌ಗೆ ನಿಧಾನವಾಗಿ ಕೆಂಪಾಗುತ್ತವೆ. ಎರಡು ದಿನಕ್ಕೊಮ್ಮೆ ತೆರೆದು ಕೊಳೆತದ್ದಿದ್ದರೆ ತೆಗೆಯುತ್ತಿರಿ. ತೀರಾ ಎಳೆಯವು ಹಣ್ಣಾಗುವುದಿಲ್ಲ. ಅವನ್ನು ದಪ್ಪ ಬಿಲ್ಲೆ ಮಾಡಿ, ಉಪ್ಪು ಕಾಳುಮೆಣಸು ಹಾಕಿ, ಜೋಳದ ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಹುರಿಯಿರಿ. ಹೊರಗೆ ಗರಿಗರಿ, ಒಳಗೆ ಹುಳಿಹುಳಿ. ಬಿಸಿಯಿರುವಾಗಲೇ ತಿನ್ನಬೇಕು, ತಣ್ಣಗಾದರೆ ಗರಿ ಹೋಗುತ್ತದೆ.